ಮೊಮ್ಮಗಳ ಬೇಸಿಗೆ ರಜ

ಅಮೆರಿಕದಲ್ಲಿ ವೈದ್ಯನಾಗಬೇಕೆಂದು ಹೊರಟ ವಿದ್ಯಾರ್ಥಿಯು ನಾಡಿ ಹಿಡಿಯುವುದಕ್ಕೆ ಬಹಳ ಮೊದಲೇ ಗಾಲಿಕುರ್ಚಿ ತಳ್ಳುವುದನ್ನು ಕಲಿಯಬೇಕು. ಇದು ವಿನೋದಕ್ಕೆ ಹೇಳಿದ ಮಾತಲ್ಲ. ನಮ್ಮಲ್ಲಿ ಪಿ.ಯು.ಸಿ. ಮುಗಿಸಿ ನೀಟ್ ಪರೀಕ್ಷೆಯಲ್ಲಿ ಅಂಕ ಗಳಿಸಿದ ಹದಿನೆಂಟರ ಹುಡುಗ ನೇರವಾಗಿ ಎಂ.ಬಿ.ಬಿ.ಎಸ್. ತರಗತಿಗೆ ಹೋಗಿ ಕುಳಿತುಕೊಳ್ಳುತ್ತಾನೆ. ಅದುವರೆಗೆ ಅವನು ಒಬ್ಬ ರೋಗಿಯ ಪಕ್ಕದಲ್ಲಿ ಐದು ನಿಮಿಷವಾದರೂ ಕುಳಿತಿದ್ದನೇ ಎಂದು ಯಾರೂ ಕೇಳುವುದಿಲ್ಲ. ಅಲ್ಲಿಯಾದರೋ ಮೊದಲು ನಾಲ್ಕು ವರ್ಷ ಕಾಲೇಜು. ಓದುವ ವಿಷಯ ಯಾವುದಾದರೂ ಆಗಬಹುದು, ಸಂಗೀತವೂ ಆಗಬಹುದು, ವಿಜ್ಞಾನದ ಕೆಲವು ಪಾಠಗಳು ಮಾತ್ರ ಕಡ್ಡಾಯ. ಆಮೇಲೆ ಎಂಕ್ಯಾಟ್ ಎಂಬ ಪರೀಕ್ಷೆ. ಅನಂತರ ವೈದ್ಯಕೀಯ ಶಾಲೆಗೆ ಅರ್ಜಿ. ಆ ಅರ್ಜಿಯಲ್ಲಿ ಪಾಠದ ಹೊರಗೆ ತಾನು ಮಾಡಿದ ಕೆಲಸಗಳನ್ನು ಬರೆಯಲು ಹದಿನೈದು ಅಂಕಣಗಳಿವೆ. ಅವುಗಳಲ್ಲಿ ಮೂರನ್ನು ಆರಿಸಿ, ಇವು ನನ್ನ ಪಾಲಿಗೆ ಏಕೆ ಮುಖ್ಯವಾದುವು ಎಂದು ವಿಸ್ತಾರವಾಗಿ ವಿವರಿಸಬೇಕು. 2023ರಲ್ಲಿ ಸುಮಾರು 52 ಸಾವಿರ ಮಂದಿ ಎಂ.ಡಿ. ಶಾಲೆಗಳಿಗೆ ಅರ್ಜಿ ಹಾಕಿದರು. ಸೇರಿದವರು ಸುಮಾರು 23 ಸಾವಿರ. ಹೀಗಿರಲು ಬೇಸಿಗೆ ರಜವೆಂಬುದು ಅಲ್ಲಿ ರಜವಾಗಿ ಉಳಿದೀತೆ?

2025ರ ಜನವರಿಯಲ್ಲಿ ನಾನು ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋಗಿ ಆರು ತಿಂಗಳು ಇದ್ದೆ. ಮೂವತ್ತೆರಡು ವರ್ಷ ಮೈಸೂರಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದವನಿಗೆ ಹಿಮದ ದೇಶದಲ್ಲಿ ಮಾಡಲು ಬೇರೆ ಕೆಲಸವೇನಿದೆ? ಮೊಮ್ಮಗಳ ಬೇಸಿಗೆಯ ವಿಚಾರವೇ ನನಗೆ ನಿತ್ಯದ ಧಾರಾವಾಹಿಯಾಯಿತು. ಅವಳು ಹುಟ್ಟಿದ್ದು ಮೈಸೂರಿನಲ್ಲಿ. ನಾಲ್ಕನೆಯ ವಯಸ್ಸಿನಲ್ಲಿ ಅಲ್ಲಿಗೆ ಹೋದವಳು. ಆಗ ಕಾಲೇಜಿನ ಎರಡನೆಯ ವರ್ಷ. ಶನಿವಾರ, ಭಾನುವಾರ ಮನೆಗೆ ಬರುವಳು.

ಮೇರಿಲೆಂಡಿನ ಬೆಥೆಸ್ಡದಲ್ಲಿ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ದೊಡ್ಡ ಪ್ರಯೋಗಾಲಯಗಳಿವೆ. ಅಲ್ಲಿ ಬೇಸಿಗೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ವೇತನ ಕೊಟ್ಟು ಕೆಲಸ ಕಲಿಸುವ ಪದ್ಧತಿ ಬಹುಕಾಲದಿಂದ ನಡೆದು ಬಂದಿತ್ತು. ನನ್ನ ಮಗನಿಗೆ ಅದರ ಮೇಲೆ ಬಲು ಆಸೆ. ಮೊಮ್ಮಗಳು ಚಳಿಗಾಲದಲ್ಲಿಯೇ ಅರ್ಜಿ ಹಾಕಿಯೂ ಇದ್ದಳು. ಆದರೆ 2025ರ ಬೇಸಿಗೆಯ ಕಾರ್ಯಕ್ರಮವನ್ನು ಸಂಸ್ಥೆಯು ರದ್ದುಪಡಿಸಿತು. ಅಲ್ಲಿಗೆ ಹೋಗಬೇಕೆಂದಿದ್ದವರೆಲ್ಲ ಬೇರೆ ಬಾಗಿಲುಗಳನ್ನು ತಟ್ಟತೊಡಗಿದರು. ವಿಶ್ವವಿದ್ಯಾನಿಲಯಗಳ ಬೇಸಿಗೆಯ ಸಂಶೋಧನಾ ಸ್ಥಾನಗಳಿಗೆ ಅರ್ಜಿ ಹಾಕುವ ಗಡುವು ಬಹುಮಟ್ಟಿಗೆ ಚಳಿಗಾಲದಲ್ಲೇ ಮುಗಿದುಹೋಗುತ್ತದೆ. ಮಾವಿನ ಹೂ ಬಿಡುವ ಕಾಲಕ್ಕೆ ಹಣ್ಣಿನ ಬುಟ್ಟಿ ಸಿದ್ಧ ಮಾಡಿಕೊಂಡಿರಬೇಕು ಎನ್ನುವ ಹಾಗೆ! ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಆ ದಾರಿಯಲ್ಲಿದ್ದರೆ, ದೀಪಾವಳಿಯ ಹೊತ್ತಿಗೆ ಹುಡುಕಲು ಹೇಳಿ. ಯುಗಾದಿಯ ಹೊತ್ತಿಗೆ ತಡವಾಗಿರುತ್ತದೆ.

ಆಗ ಅವಳು ಪ್ರಾಧ್ಯಾಪಕರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಪತ್ರ ಬರೆಯಲು ಕುಳಿತಳು. ಮೊದಲನೆಯ ಕರಡನ್ನು ನನಗೆ ತೋರಿಸಿದಳು. ಅದರಲ್ಲಿ ತನ್ನ ಅಂಕಗಳು, ತನ್ನ ಉತ್ಸಾಹ, ತನ್ನ ಗುರಿ ಎಲ್ಲವೂ ಇದ್ದುವು. ಪ್ರಾಧ್ಯಾಪಕರ ಕೆಲಸದ ಬಗ್ಗೆ ಒಂದು ಸಾಲೂ ಇರಲಿಲ್ಲ.

“ನೋಡಮ್ಮ, ಇಂಥ ಕಾಗದಗಳು ನನಗೂ ಬರುತ್ತಿದ್ದುವು. ಅವರ ಲೇಖನವೊಂದನ್ನು ಓದು. ಓದಿದ ಮೇಲೆ ನಿನಗೆ ತಿಳಿಯದೆ ಉಳಿದದ್ದನ್ನು ಕೇಳು. ಮೂರು ಖಂಡಿಕೆ ಸಾಕು,” ಎಂದೆ.

ಮೂವತ್ತನಾಲ್ಕು ಪತ್ರಗಳು ಹೋದುವು. ಐದು ಉತ್ತರಗಳು ಬಂದುವು. ನಾಲ್ವರು ಸ್ಥಳವಿಲ್ಲವೆಂದು ಬರೆದರು. ಒಬ್ಬಾಕೆ ಮಾತ್ರ ಅವಳ ಪ್ರಶ್ನೆಗೆ ಉತ್ತರ ಬರೆದು, ಸೆಪ್ಟೆಂಬರಿನಲ್ಲಿ ಬಂದು ಕಾಣುವಂತೆ ತಿಳಿಸಿದರು. ನನ್ನ ಲೆಕ್ಕದಲ್ಲಿ ಇದು ಕೆಟ್ಟ ಫಲವಲ್ಲ.

ಇನ್ನು ಆಸ್ಪತ್ರೆಯ ಸೇವೆ. ಇದೇ ನ್ಯೂಜೆರ್ಸಿಯ ಈಸ್ಟ್ ಆರೆಂಜ್ ಎಂಬ ಊರಿನಲ್ಲಿ 1944ರಲ್ಲಿ ಪ್ರೌಢಶಾಲೆಯ ಹುಡುಗಿಯರು ಕೆಂಪು ಬಿಳಿ ಪಟ್ಟೆಯ ಮೇಲಂಗಿ ತೊಟ್ಟು ಆಸ್ಪತ್ರೆಯಲ್ಲಿ ಸಹಾಯಕ್ಕೆ ನಿಂತರಂತೆ. ಪೆಪ್ಪರಮಿಂಟಿನಂಥ ಆ ಪಟ್ಟೆಯಿಂದಲೇ ಅವರಿಗೆ ‘ಕ್ಯಾಂಡಿ ಸ್ಟ್ರೈಪರ್’ ಎಂಬ ಹೆಸರು ಬಂದು ದೇಶವೆಲ್ಲ ಹರಡಿತು. ಈಗ ಅಂಗಿ ತೊಟ್ಟು ಹೋದರೆ ಸಾಲದು. ಲಸಿಕೆಗಳ ದಾಖಲೆ ಬೇಕು. ಕ್ಷಯರೋಗವಿಲ್ಲವೆಂಬ ಪರೀಕ್ಷೆ ಬೇಕು. ರೋಗಿಯ ವಿಷಯವನ್ನು ಹೊರಗೆ ಆಡದಂತೆ 1996ರ ಕಾನೂನಿನ ಪಾಠ ಕೇಳಬೇಕು. ಪೂರ್ವಚರಿತ್ರೆಯ ತನಿಖೆಯೂ ಆಗಬೇಕು. ಇಷ್ಟಾದ ಮೇಲೆ ಸಿಗುವ ಕೆಲಸವೆಂದರೆ ಕಂಬಳಿ ಜೋಡಿಸುವುದು, ದಾರಿ ತೋರಿಸುವುದು, ಮತ್ತು ಮೊದಲೇ ಹೇಳಿದ ಗಾಲಿಕುರ್ಚಿ. ಆದರೂ ಸರದಿಯಲ್ಲಿ ನೂರಾರು ಜನ!

ಕ್ಷಯದ ಪರೀಕ್ಷೆಯಲ್ಲಿ ಒಂದು ಪೇಚಾಟ ನಡೆಯಿತು. ಚರ್ಮಕ್ಕೆ ಚುಚ್ಚಿದ ಜಾಗ ಮೂರನೆಯ ದಿನ ದಪ್ಪವಾಗಿ ಊದಿಕೊಂಡಿತು. ಸೊಸೆ ಗಾಬರಿಯಾದಳು. ನಮ್ಮ ದೇಶದಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಬಿ.ಸಿ.ಜಿ. ಲಸಿಕೆ ಹಾಕಿರುತ್ತಾರಷ್ಟೆ, ಅದರಿಂದ ರೋಗವಿಲ್ಲದಿದ್ದರೂ ಚರ್ಮದ ಪರೀಕ್ಷೆ ಹೀಗೆ ಸುಳ್ಳು ಹೇಳುವುದುಂಟು. ಬಿ.ಸಿ.ಜಿ.ಯ ಪ್ರಭಾವಕ್ಕೆ ಒಳಗಾಗದ ರಕ್ತಪರೀಕ್ಷೆಯೊಂದಿದೆ. ಅದನ್ನು ಮಾಡಿಸಿದ ಮೇಲೆ ಎಲ್ಲವೂ ಸರಿಯೆಂದು ತಿಳಿಯಿತು. ಅಷ್ಟರಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆಯ ಬೇಸಿಗೆಯ ಪಟ್ಟಿ ಮುಚ್ಚಿಹೋಗಿತ್ತು. ಇಲ್ಲಿಂದ ಹೋಗುವ ಮಕ್ಕಳು ಲಸಿಕೆಯ ಚೀಟಿಗಳನ್ನು ಪದವಿಪತ್ರದಷ್ಟೇ ಜೋಪಾನವಾಗಿ ಕೊಂಡೊಯ್ಯುವುದು ಮೇಲು.

ಮಗನ ಸ್ನೇಹಿತರಾದ ಹೃದಯತಜ್ಞರೊಬ್ಬರು ಮೂರು ದಿನ ತಮ್ಮ ಜೊತೆಯಲ್ಲಿರಲು ಅವಳಿಗೆ ಅನುಮತಿ ಕೊಡಿಸಿದರು. ಇದಕ್ಕೆ ಅಲ್ಲಿ ನೆರಳಾಗುವುದು ಎಂದೇ ಹೆಸರು. ವೈದ್ಯರು ನಡೆದರೆ ನಡೆಯುವುದು, ನಿಂತರೆ ನಿಲ್ಲುವುದು, ಬಾಯಿ ಬಿಡದೆ ನೋಡುವುದು. ರಾಮನ ಹಿಂದೆ ಲಕ್ಷ್ಮಣ ಹೋದ ಹಾಗೆ, ಬಿಲ್ಲು ಬಾಣ ಮಾತ್ರ ಇಲ್ಲ. ಮೂರನೆಯ ದಿನ ರಾತ್ರಿ ಊಟದ ಹೊತ್ತಿಗೆ ಅವಳು ಮಂಕಾಗಿದ್ದಳು.

“ತಾತ, ನನ್ನ ಕೊಠಡಿಯ ಗೆಳತಿ ನನಗಿಂತ ಜಾಣೆ. ಅವಳ ತಂದೆ ಲಾರಿ ಓಡಿಸುತ್ತಾರೆ. ಅವಳಿಗೆ ಯಾವ ಡಾಕ್ಟರ್ ಪರಿಚಯ? ನನಗೆ ಒಂದು ಫೋನಿನಲ್ಲಿ ಸಿಕ್ಕಿತು. ಅವಳು ಬೇಸಿಗೆಯೆಲ್ಲ ಅಂಗಡಿಯಲ್ಲಿ ದುಡಿಯಬೇಕು. ಸಂಬಳವಿಲ್ಲದ ಕೆಲಸ ಮಾಡುವುದಕ್ಕೂ ಮನೆಯಲ್ಲಿ ಹಣವಿರಬೇಕು, ಅಲ್ಲವೇ?”

ಅವಳ ತಂದೆ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು, “ಸಿಕ್ಕಿದ್ದನ್ನು ಬಳಸಿಕೊಳ್ಳುವುದು ತಪ್ಪಲ್ಲಮ್ಮ,” ಎಂದ. ತಪ್ಪಲ್ಲ, ನಿಜ. ಆದರೆ ಅವಳು ಎತ್ತಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ವೈದ್ಯರ ಬರಹಗಾರರಾಗಿ ಕುಳಿತು ರೋಗಿಯ ವಿವರಗಳನ್ನು ಬರೆದುಕೊಳ್ಳುವ ‘ಸ್ಕ್ರೈಬ್’ ಕೆಲಸಕ್ಕೆ ಸಂಬಳವುಂಟು. ತುರ್ತು ವಾಹನದ ಸಹಾಯಕರಾಗಲು ತರಬೇತಿ ಪಡೆದವರಿಗೂ ಉಂಟು. ಗೆಳತಿಗೆ ಅವುಗಳ ವಿವರವನ್ನು ಮೊಮ್ಮಗಳೇ ಹುಡುಕಿ ಕಳುಹಿಸಿದಳು.

ಏಪ್ರಿಲ್ ಕಳೆಯುತ್ತಿದ್ದಂತೆ ಮಗನ ಕೈಗೆ ಒಂದು ಬಣ್ಣದ ಪುಸ್ತಿಕೆ ಬಂದಿತು. ಹಣ ಕಟ್ಟಿದ ವಿದ್ಯಾರ್ಥಿಗಳನ್ನು ಬಡದೇಶಗಳ ಆಸ್ಪತ್ರೆಗಳಿಗೆ ಕಳುಹಿಸುವ ಸಂಸ್ಥೆಯೊಂದರದು. ನಾಲ್ಕು ವಾರಕ್ಕೆ ಸಾವಿರಾರು ಡಾಲರು. ಕೈಗವಸು ತೊಟ್ಟ ಇಪ್ಪತ್ತರ ಹುಡುಗನೊಬ್ಬ ಯಾರದೋ ಮೊಣಕೈಗೆ ಹೊಲಿಗೆ ಹಾಕುತ್ತಿರುವ ಚಿತ್ರ ಮುಖಪುಟದಲ್ಲಿತ್ತು. ಮಗನಿಗೆ ಅದು ಬಹಳ ಹಿಡಿಸಿತು. ಮೊಮ್ಮಗಳಿಗೆ ಹಿಡಿಸಲಿಲ್ಲ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು 2011ರಲ್ಲಿಯೇ ಈ ಬಗ್ಗೆ ಸೂಚನೆಗಳನ್ನು ಹೊರಡಿಸಿದೆಯೆಂದೂ, ತರಬೇತಿಯಿಲ್ಲದವರು ಸ್ವದೇಶದಲ್ಲಿ ಮಾಡಬಾರದ ಚಿಕಿತ್ಸೆಯನ್ನು ಪರದೇಶದಲ್ಲಿ ಮಾಡಿದರೆ ರೋಗಿಗೂ ಅಪಾಯ, ಅರ್ಜಿಗೂ ಹಾನಿ ಎಂದೂ ಅವಳು ವಾದಿಸಿದಳು. ಮಗ ಒಪ್ಪಲಿಲ್ಲ, ಅನುಭವ ಅನುಭವವೇ ಎಂದ.

“ನಮ್ಮ ನಂಜನಗೂಡಿನ ಹಳ್ಳಿಯಲ್ಲಿ ನಿನ್ನ ಸೋದರತ್ತೆಯ ಕೈ ಕೊಯ್ದುಕೊಂಡಿತೆನ್ನು. ಹೊಲಿಗೆ ಕಲಿಯದ ಪರದೇಶದ ಹುಡುಗಿಯೊಬ್ಬಳು ಕಲಿಯುವುದಕ್ಕೆಂದು ಸೂಜಿ ಹಿಡಿದು ಬಂದರೆ ನೀನು ಸುಮ್ಮನಿರುವೆಯೇನಪ್ಪ?” ಎಂದು ಕೇಳಿದೆ.

“ಅತ್ತೆಯ ಮಾತು ಬೇರೆ ಅಪ್ಪ,” ಎಂದ. ಎಲ್ಲರೂ ಯಾರಿಗಾದರೂ ಅತ್ತೆಯೇ ಆಗಿರುತ್ತಾರೆ ಎಂದು ನಾನು ಹೇಳಬೇಕಾಗಿ ಬರಲಿಲ್ಲ. ಪುಸ್ತಿಕೆ ಅಡುಗೆಮನೆಯ ಮೇಜಿನಿಂದ ಮರುದಿನವೇ ಮಾಯವಾಯಿತು.

ಕೊನೆಗೆ ಬಾಗಿಲು ತೆರೆದದ್ದು ಯಾರೂ ಎಣಿಸದ ಕಡೆ. ಬದುಕುವ ಆಸೆಯಿಲ್ಲದ ರೋಗಿಗಳ ಕೊನೆಯ ದಿನಗಳನ್ನು ನೋವಿಲ್ಲದಂತೆ ನೋಡಿಕೊಳ್ಳುವ ಹಾಸ್ಪಿಸ್ ಎಂಬ ವ್ಯವಸ್ಥೆ ಅಲ್ಲಿದೆ. ಬಹುಪಾಲು ಸೇವೆ ರೋಗಿಯ ಮನೆಯಲ್ಲೇ ನಡೆಯುತ್ತದೆ. ಅದರ ವೆಚ್ಚವನ್ನು ಕೊಡುವ ಸರ್ಕಾರಿ ವಿಮೆಯಾದ ಮೆಡಿಕೇರಿನ ನಿಯಮವೊಂದು ನನಗೆ ಬಹಳ ಮೆಚ್ಚಿಗೆಯಾಯಿತು: ರೋಗಿಗಳ ಆರೈಕೆಗಾಗಿ ಸಂಬಳದ ನೌಕರರು ದುಡಿಯುವ ಗಂಟೆಗಳ ಶೇಕಡ 5ರಷ್ಟನ್ನಾದರೂ ಸ್ವಯಂಸೇವಕರು ಕೊಡಲೇಬೇಕು. ಆದಕಾರಣ ಹಾಸ್ಪಿಸಿನವರು ಸೇವಕರನ್ನು ಸದಾ ಹುಡುಕುತ್ತಲೇ ಇರುತ್ತಾರೆ. ಆಸ್ಪತ್ರೆಯ ಮುಂದೆ ನೂರು ಜನ ನಿಂತಿರುವಾಗ ಈ ಬಾಗಿಲಲ್ಲಿ ಹತ್ತು ಜನವೂ ಇರುವುದಿಲ್ಲ.

ಸೊಸೆಗೆ ಇದು ಸುತರಾಂ ಇಷ್ಟವಿರಲಿಲ್ಲ. “ಹತ್ತೊಂಬತ್ತು ವರ್ಷದ ಹುಡುಗಿ ಸಾಯುವವರ ಪಕ್ಕದಲ್ಲಿ ಕುಳಿತುಕೊಳ್ಳಬೇಕೆ? ಮಾವ, ನೀವಾದರೂ ಹೇಳಿ,” ಎಂದಳು.

ನಾನು ಏನು ಹೇಳಲಿ? ನನ್ನ ಹೆಂಡತಿ ತೀರಿಕೊಂಡದ್ದು 2016ರಲ್ಲಿ, ಒಂದು ಖಾಸಗಿ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ಹನ್ನೊಂದು ದಿನ ಹಾಗೆ ಕಳೆಯಿತು. ಯಂತ್ರಗಳಿಗೆ ಕೊರತೆಯಿರಲಿಲ್ಲ. ಕೊನೆಯ ರಾತ್ರಿ ಎರಡೂವರೆ ಗಂಟೆಗೆ ಅವಳ ಪಕ್ಕದಲ್ಲಿ ಯಾರಿದ್ದರು ಎಂಬುದು ನನಗೆ ಈವರೆಗೂ ತಿಳಿಯದು. ಇದನ್ನೆಲ್ಲ ಸೊಸೆಯ ಮುಂದೆ ಆಡಲಿಲ್ಲ. “ಹೋಗಲಿ ಬಿಡಮ್ಮ,” ಎಂದಷ್ಟೇ ಹೇಳಿದೆ. ಅವಳಿಗೆ ಅರ್ಥವಾಗಿರಬೇಕು; ಮತ್ತೆ ಆ ಮಾತೆತ್ತಲಿಲ್ಲ.

ಕೆಲವು ದಿನಗಳ ತರಬೇತಿಯ ತರುವಾಯ ಮೊಮ್ಮಗಳಿಗೆ ಎಂಬತ್ತೆಂಟು ವರ್ಷದ ವೃದ್ಧರೊಬ್ಬರನ್ನು ಒಪ್ಪಿಸಿದರು. ವಾರಕ್ಕೆ ಎರಡು ಮಧ್ಯಾಹ್ನ. ಔಷಧ ಮುಟ್ಟುವ ಹಾಗಿಲ್ಲ. ರೋಗದ ವಿಷಯ ಸಲಹೆ ಕೊಡುವ ಹಾಗಿಲ್ಲ. ವೃತ್ತಪತ್ರಿಕೆಯ ಬೇಸ್‌ಬಾಲ್ ಸುದ್ದಿಯನ್ನು ಓದುವುದು, ಅವರು ಹೇಳಿದ್ದನ್ನು ಕೇಳುವುದು, ಅವರು ಮಲಗಿದರೆ ಸುಮ್ಮನೆ ಕುಳಿತಿರುವುದು. ಇದರಿಂದ ಉಪಕಾರವಾದದ್ದು ಹೆಚ್ಚಾಗಿ ಅವರ ಹೆಂಡತಿಗೆ. ಆಕೆ ಆ ಮೂರು ಗಂಟೆಗಳಲ್ಲಿ ಅಂಗಡಿಗೆ ಹೋಗಿ ಬರುವರು, ಒಮ್ಮೆ ತಲೆಗೂದಲು ಕತ್ತರಿಸಿಕೊಂಡು ಬಂದರಂತೆ. ಎರಡು ತಿಂಗಳಿಂದ ಅದಕ್ಕೆ ಬಿಡುವಾಗಿರಲಿಲ್ಲ. ಬಂದವರು ಕನ್ನಡಿಯ ಮುಂದೆ ನಿಂತು, ಗಂಡನಿಗೆ ತೋರಿಸಿ, ಇಬ್ಬರೂ ನಕ್ಕರಂತೆ.

ಜೂನ್ ಕೊನೆಯಲ್ಲಿ ಅವರು ಮಾತು ನಿಲ್ಲಿಸಿದರು. ಆ ವಾರ ಹಾಸ್ಪಿಸಿನ ನರ್ಸು ಬಂದು ಏನೇನು ಮಾಡಿದಳೆಂಬುದನ್ನು ಮೊಮ್ಮಗಳು ನನಗೆ ಗಂಟೆಗಟ್ಟಲೆ ವರ್ಣಿಸಿದಳು. ಆಕೆ ಹಾಸಿಗೆಯ ಮೇಲೆ ರೋಗಿಯನ್ನು ನೋವಾಗದಂತೆ ಮಗ್ಗುಲಿಗೆ ತಿರುಗಿಸಿದ್ದು, ತುಟಿಯನ್ನು ಒದ್ದೆ ಮಾಡಿದ್ದು, ಉಸಿರಿನ ಸದ್ದು ಬದಲಾದೀತು, ಹೆದರಬೇಡಿ ಎಂದು ಹೆಂಡತಿಗೆ ಮೊದಲೇ ತಿಳಿಸಿದ್ದು. “ಡಾಕ್ಟರ್ ಫೋನಿನಲ್ಲಿದ್ದರು ತಾತ. ಅಲ್ಲಿದ್ದದ್ದು ನರ್ಸ್,” ಎಂದಳು. ವೃದ್ಧರು ಜುಲೈ ಮೊದಲ ವಾರದಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ದಿನ ಅವಳು ಬಾಗಿಲು ದಾಟುವುದಕ್ಕೆ ಮೊದಲೇ ಸೊಸೆ ಸ್ನಾನಕ್ಕೆ ನೀರು ಬಿಟ್ಟಿದ್ದಳು. ಸ್ನಾನವಾದ ಮೇಲೆ ಮಗಳ ತಲೆ ಒರೆಸುತ್ತ ಬಹಳ ಹೊತ್ತು ಕುಳಿತಿದ್ದಳು.

ನಾನು ಮೈಸೂರಿಗೆ ಹೊರಡುವ ಹಿಂದಿನ ದಿನ ಅವಳು ಕೇಳಿದಳು: “ತಾತ, ನಾನು ಡಾಕ್ಟರಾಗದೆ ನರ್ಸ್ ಆದರೆ ನಿಮಗೆಲ್ಲ ಬೇಸರವೇ?”

ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈ ಪ್ರಶ್ನೆ ಎಷ್ಟು ಭಾರವಾದುದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಡಾಕ್ಟರೆಂದು ನಾಲ್ಕು ಜನರೆದುರು ಹೇಳಿಕೊಳ್ಳುವ ಸಂಭ್ರಮವೇ ಬೇರೆ. ಅಲ್ಲಿ ನರ್ಸಿನ ಓದು ಗಟ್ಟಿಯಾದದ್ದು, ಸಂಬಳ ಒಳ್ಳೆಯದು, ಗೌರವವೂ ಉಂಟು; ಇವೆಲ್ಲ ನನ್ನ ಮಗನಿಗೂ ಗೊತ್ತು. ಗೊತ್ತಿದ್ದೂ ಅವನು ಎರಡು ದಿನ ಮಾತಾಡಲಿಲ್ಲ. ನಾನು ಅವಳಿಗೆ, ಬೇಸರವಿಲ್ಲ, ಆದರೆ ಒಂದು ಸಾವಿನ ದುಃಖದಲ್ಲಿ ತೀರ್ಮಾನ ಮಾಡಬೇಡ, ಇನ್ನೊಂದು ಋತು ಕಳೆಯಲಿ ಎಂದೆ. ಬೆಂಗಳೂರಿನಲ್ಲಿ 1994ರಲ್ಲಿ ಪ್ರಾರಂಭವಾದ ಕರುಣಾಶ್ರಯದ ವಿಷಯವನ್ನೂ ತಿಳಿಸಿದೆ. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಮುಂದಿನ ಸಲ ಇಲ್ಲಿಗೆ ಬಂದಾಗ ಅದನ್ನು ನೋಡಬೇಕೆಂದು ಬರೆದಿಟ್ಟುಕೊಂಡಳು.

2025ರ ಡಿಸೆಂಬರ್ ರಜದಲ್ಲಿ ಅವಳು ನರ್ಸಿನ ಸಹಾಯಕಿಯ ತರಬೇತಿಗೆ ಸೇರಿದಳು. ಕೇಂದ್ರ ಸರ್ಕಾರದ ಕಟ್ಟಳೆಯಂತೆ ಅದು ಕನಿಷ್ಠ 75 ಗಂಟೆಗಳದು. ಹೆಚ್ಚು ಕೇಳುವ ರಾಜ್ಯಗಳೂ ಉಂಟು. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು ಎಲ್ಲವನ್ನೂ ಕಲಿಸುತ್ತಾರೆ, ಮತ್ತು ಪರೀಕ್ಷೆಯಾದ ಮೇಲೆ ಆ ಕೆಲಸಕ್ಕೆ ಸಂಬಳವುಂಟು. ಈ ಸಲ ಲಾರಿ ಚಾಲಕರ ಮಗಳೂ ಅವಳ ಜೊತೆಗೆ ಸೇರಿದ್ದಾಳೆ. ನೀಲಿ ಸಮವಸ್ತ್ರದಲ್ಲಿ ಇಬ್ಬರೂ ನಿಂತಿರುವ ಚಿತ್ರವನ್ನು ಕಳುಹಿಸಿದ್ದಾಳೆ. ಎಂಕ್ಯಾಟ್ ಪುಸ್ತಕಗಳನ್ನೂ ಓದುತ್ತಿದ್ದಾಳಂತೆ. ಅವಳಿಗೆ ನಾಲ್ಕು ಮಾತು ಬುದ್ಧಿ ಹೇಳಿ ಎಂದು ಮಗ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾನೆ. ಹವೆ ಹೇಗಿದೆಯಪ್ಪ ಅಲ್ಲಿ, ಎಂದು ನಾನು ಕೇಳುತ್ತೇನೆ.