ಬಣ್ಣವೂ ಒಂದು ಅಳತೆ

ಕುಂದಾಪುರದ ಕೋಡಿ ಎಂದರೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿಯ ಹಿನ್ನೀರು. ಅಲ್ಲಿನ ಜೈನ ಗೃಹಸ್ಥರೊಬ್ಬರು ಜಿನಸಿ ಅಂಗಡಿಯ ಬಾಗಿಲು ತೆರೆದೊಡನೆ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬರಿದಾದ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದೆಯೇ ಎಂದು ನೋಡುವುದು. ಅವರ ಮಗಳು ಕೈಗೊಂಡ ಉದ್ಯೋಗದಲ್ಲಿ ತಕ್ಕಡಿಯಿಲ್ಲ. ಜಿಲ್ಲೆಯ ನೇಕಾರರ ಸಂಘವೊಂದರ ಕೈಮಗ್ಗದ ಸೀರೆಗಳ ಛಾಯಾಚಿತ್ರ ತೆಗೆದು, ಅಂತರ್ಜಾಲದಲ್ಲಿ ಮಾರಾಟಕ್ಕಿಡುವುದು ಅವಳ ಕೆಲಸ.

ಉಡುಪಿ ಸೀರೆಯು ಹತ್ತಿಯ ನೂಲಿನದು. ಅಹಿಂಸೆಯ ದೃಷ್ಟಿಯಿಂದ ರೇಷ್ಮೆಯನ್ನು ತ್ಯಜಿಸಿದ ಮನೆತನಗಳಿಗೆ ಅದು ಪ್ರಿಯವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಗಳು ಖಾಕಿ ಬಟ್ಟೆಗೆ ಹೆಸರಾಗಿದ್ದ ಈ ಕರಾವಳಿಯಲ್ಲಿ, ಕಾಲಕ್ರಮದಲ್ಲಿ ಮಗ್ಗಗಳ ಸದ್ದು ಅಡಗುತ್ತ ಬಂತು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2018ರಿಂದ ಕದಿಕೆ ಟ್ರಸ್ಟ್, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಡನೆ ಕೂಡಿ ಪುನರುಜ್ಜೀವನದ ಕಾರ್ಯಕ್ಕೆ ತೊಡಗಿತು. ಅಡಿಕೆಯ ಚೊಗರಿನಂತಹ ನೈಸರ್ಗಿಕ ಬಣ್ಣಗಳೂ ಮಗ್ಗಕ್ಕೆ ಬಂದವು.

ಮಗಳು ತನ್ನ ಚಿತ್ರಗಳನ್ನು ಪಡುವಣ ಜಗಲಿಯಲ್ಲಿ, ಸಂಜೆಯ ಬೆಳಕಿನಲ್ಲಿ ತೆಗೆಯುತ್ತಿದ್ದಳು. ಕಡಲಿನತ್ತ ಇಳಿಯುವ ಸೂರ್ಯನ ಹೊಂಬಣ್ಣದಲ್ಲಿ ಚೊಗರಿನ ಮಂದವಾದ ಕಂದು ಕೆಂಪಾಗಿ ಹೊಳೆಯುತ್ತಿತ್ತು. ಮೊಬೈಲು ತಾನಾಗಿಯೇ ಒಂದಿಷ್ಟು ಕಾಂತಿಯನ್ನು ಸೇರಿಸುತ್ತಿತ್ತು; ಅವಳೂ ಬೆರಳ ತುದಿಯಿಂದ ಮತ್ತಷ್ಟು ಸೇರಿಸುತ್ತಿದ್ದಳು. ಸೀರೆಗಳು ಬೇಗ ಮಾರಾಟವಾದವು. ಸಂಘದವರಿಗೆ ಸಂತೋಷವಾಯಿತು.

ಒಂದು ದಿನ ಬೆಂಗಳೂರಿನಿಂದ ಒಂದು ಸೀರೆ ಹಿಂದಿರುಗಿತು. ಜೊತೆಯಲ್ಲಿದ್ದ ಚೀಟಿಯಲ್ಲಿ ಕೋಪದ ಮಾತಿರಲಿಲ್ಲ. ತಾವು ಬಯಸಿದ ಬಣ್ಣ ಇದಲ್ಲ ಎಂದಷ್ಟೇ ಇತ್ತು. ಮಗಳು ಆ ಸೀರೆಯನ್ನೂ ಚಿತ್ರವನ್ನೂ ನೇಯ್ದ ವೃದ್ಧೆಯ ಮುಂದಿಟ್ಟಳು. ಆಕೆ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ಚಿತ್ರ ಚಂದ ಉಂಟು ಮಗಳೇ. ಆದರೆ ಇದು ನಾನು ನೇಯ್ದ ಸೀರೆ ಅಲ್ಲ" ಎಂದರು.

ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆದುದರಿಂದಲೇ ಅದು ನಾಟಿತು. ದಿನಗಟ್ಟಲೆ ಮಗ್ಗದ ಮುಂದೆ ಕುಳಿತು ದುಡಿದವರ ಶ್ರಮವನ್ನು ಮರೆಮಾಡಿ, ಇಲ್ಲದ ಸೀರೆಯೊಂದನ್ನು ತಾನು ಮಾರಿದ್ದೆನೆಂದು ಅವಳಿಗೆ ತೋರಿತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನ, ಅಂದರೆ ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಂದು. ಪ್ರತಿರೂಪಕವ್ಯವಹಾರ, ಅಂದರೆ ಅಸಲನ್ನು ಹೋಲುವ ಬೇರೊಂದನ್ನು ಅಸಲೆಂದು ಕೊಡುವುದು, ಇನ್ನೊಂದು. ಕೈಯಿಂದ ಮುಟ್ಟಿ ನೋಡಲಾರದ ಗ್ರಾಹಕನಿಗೆ ಚಿತ್ರವೇ ತಕ್ಕಡಿ. ಅದರ ಮುಳ್ಳು ವಾಲಿದ್ದರೆ ಕೊಟ್ಟ ತೂಕವೂ ಸುಳ್ಳೇ.

ದೋಷವೆಲ್ಲವೂ ಮನಸ್ಸಿನದಾಗಿರಲಿಲ್ಲ, ಅಜ್ಞಾನದ್ದೂ ಇತ್ತು ಎಂಬುದು ಅವಳಿಗೆ ಕ್ರಮೇಣ ತಿಳಿಯಿತು. ಬೆಳಕಿಗೂ ಬಣ್ಣವುಂಟು, ಅದನ್ನು ಕೆಲ್ವಿನ್ ಮಾನದಲ್ಲಿ ಅಳೆಯುತ್ತಾರೆ. ನಡುಹಗಲಿನದು ಸುಮಾರು 5500, ಹಳೆಯ ತಂತಿಯ ದೀಪದ್ದು 3000ದ ಆಸುಪಾಸು, ತಿಳಿಯಾದ ಆಕಾಶದ ಕೆಳಗಿನ ನೆರಳಿನದು 7000ಕ್ಕೂ ಮೇಲು. ಮನುಷ್ಯನ ಕಣ್ಣು ಇವೆಲ್ಲಕ್ಕೂ ತಾನೇ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಊಹಿಸಬೇಕು. ಚೌಕಟ್ಟಿನ ತುಂಬ ಒಂದೇ ಬಣ್ಣದ ಸೀರೆಯಿದ್ದರೆ ಅದನ್ನು ಬೆಳಕಿನ ಬಣ್ಣವೆಂದೇ ಭ್ರಮಿಸಿ ತಿದ್ದಿಬಿಡುತ್ತದೆ. ತೆಂಗಿನ ತೋಟದ ನೆರಳು ಹಸುರನ್ನೂ ಕೆಂಪು ಗೋಡೆ ತನ್ನ ಕೆಂಪನ್ನೂ ಬಟ್ಟೆಯ ಮೇಲೆ ಚೆಲ್ಲುತ್ತವೆ.

ಅವಳು ಜಗಲಿಯನ್ನು ಬಿಟ್ಟು ಬಡಗಣ ಕಿಟಕಿಯ ಬಳಿಗೆ ಬಂದಳು. ಕಿಟಕಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿ, ಕೋಣೆಯ ದೀಪಗಳನ್ನು ಆರಿಸಿ, ಮೊದಲ ಚಿತ್ರದಲ್ಲಿ ಸೀರೆಯೊಡನೆ ಬೂದುಬಣ್ಣದ ಕಾರ್ಡನ್ನು ಇಡತೊಡಗಿದಳು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಯಾವ ಬಣ್ಣದ ಪಕ್ಷಪಾತವೂ ಇಲ್ಲದೆ ಹಿಂದಿರುಗಿಸುವ ಆ ಕಾರ್ಡು ಬರಿದಾದ ತಕ್ಕಡಿಯಿದ್ದಂತೆ: ಮೊದಲು ಅದು ನೆಟ್ಟಗಾಗಬೇಕು, ಅನಂತರವೇ ಸರಕು. ಚಿತ್ರವನ್ನು ಕಚ್ಚಾ ರೂಪದಲ್ಲಿ ಉಳಿಸಿ, ಕಾರ್ಡಿನ ಮೇಲೆ ಬಿಳಿಯ ಸಮತೋಲವನ್ನು ನಿಲ್ಲಿಸಿ, ಅದೇ ಕಿಟಕಿಯ ಬೆಳಕಿನಲ್ಲಿ ಸೀರೆಯನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದಳು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿದ್ದ ಸೀರೆಗಳು ಮಡಿಕೆ ಬದಲಾದಂತೆ ಬೇರೆಯಾಗಿ ಕಾಣುತ್ತವೆ. ಅವುಗಳಿಗೆ ಎರಡು ಕೋನದ ಚಿತ್ರಗಳು ಬೇಕಾದವು.

ಆದರೂ ಸತ್ಯ ಪೂರ್ಣವಾಗಲಿಲ್ಲ. ಕೊಳ್ಳುವವರ ಪರದೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಅದು ಅವಳ ಅಧೀನವಲ್ಲ. ಅದಕ್ಕಾಗಿ ಚಿತ್ರದ ಕೆಳಗೆ ಮಾತುಗಳನ್ನು ಸೇರಿಸಿದಳು: ಹಾಸಿನ ಬಣ್ಣ ಯಾವುದು, ಹೊಕ್ಕಿನದು ಯಾವುದು, ಚಿತ್ರ ತೆಗೆದುದು ಯಾವ ಬೆಳಕಿನಲ್ಲಿ. ಕೇಳಿದವರಿಗೆ ನೂಲಿನ ತುಣುಕನ್ನು ಅಂಚೆಯಲ್ಲಿ ಕಳುಹಿಸುವುದಾಗಿಯೂ ಬರೆದಳು.

ಹಳೆಯ ಚಿತ್ರಗಳನ್ನು ತೆಗೆದುಹಾಕುವ ವಿಷಯ ಬಂದಾಗ ದೀಪಾವಳಿ ಸಮೀಪಿಸಿತ್ತು. ಹಬ್ಬ ಕಳೆಯಲಿ ಎಂದು ಸಂಘದಲ್ಲಿ ಕೆಲವರು ಹೇಳಿದರು. ಮಗ್ಗದವರ ಕೂಲಿಯ ಪ್ರಶ್ನೆಯೂ ಇತ್ತು. ಅವಳು ರಾತ್ರಿ ತಂದೆಯನ್ನು ಕೇಳಿದಳು. ಅವರು ಉಪದೇಶ ಮಾಡಲಿಲ್ಲ. "ಮುಳ್ಳು ವಾಲಿದ್ದು ಕಣ್ಣಿಗೆ ಬಿದ್ದ ಮೇಲೆ ಸಂಜೆಯವರೆಗೆ ತೂಗಲು ಆಗುತ್ತದೆಯೇ?" ಎಂದಷ್ಟೇ ಕೇಳಿದರು.

ಚಿತ್ರಗಳು ಮರುದಿನವೇ ಬದಲಾದವು. ಆ ವರ್ಷ ಹಬ್ಬದ ಬೇಡಿಕೆ ಹಿಂದಿನಷ್ಟು ಬರಲಿಲ್ಲ. ಚೊಗರಿನ ಸೀರೆಗಳನ್ನು ಹಿಂದೆ ಕೊಂಡಿದ್ದ ನಾಲ್ವರಿಗೆ ಅವಳು ತಾನಾಗಿ ಪತ್ರ ಬರೆದು, ಬೇಡವಾದರೆ ಹಿಂದಿರುಗಿಸಬಹುದೆಂದು ತಿಳಿಸಿದಳು. ಇಬ್ಬರು ಹಿಂದಿರುಗಿಸಿದರು, ಒಬ್ಬರು ಇಟ್ಟುಕೊಂಡರು, ಒಬ್ಬರಿಂದ ಉತ್ತರವಿಲ್ಲ. ಅಂಚೆಯ ವೆಚ್ಚವನ್ನು ತನ್ನ ಸಂಬಳದಿಂದ ತೆತ್ತಳು. ಮರಳಿದ ಸೀರೆಗಳನ್ನು, ಮಳೆ ನಿಂತ ಒಂದು ಬೆಳಿಗ್ಗೆ, ಬಡಗಣ ಕಿಟಕಿಯ ಬಳಿ ಹರಡಿ ಮತ್ತೆ ಚಿತ್ರ ತೆಗೆದು ವೃದ್ಧೆಗೆ ತೋರಿಸಿದಳು. ಆಕೆ ಈ ಬಾರಿ ಚಿತ್ರವನ್ನು ಹೊಗಳಲಿಲ್ಲ. ಸೆರಗಿನ ಮೇಲೆ ಬೆರಳಿಟ್ಟು, "ಇಲ್ಲಿ ಒಂದು ಎಳೆ ತುಂಡಾಗಿತ್ತು, ಗಂಟು ಹಾಕಿದ್ದೆ, ಕಾಣುತ್ತದೆ ನೋಡು" ಎಂದರು.