ಗಾಜು ಕಲಿಸಿದ ಪಾಠ

1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಅಲಂಪುರದ ಕನ್ನಡ ಮನೆಯೊಂದರಲ್ಲಿ ಹುಟ್ಟಿದವನು ನಾನು. ಹಳ್ಳಿಯ ಶಾಲೆಯೊಂದರ ಮುಖ್ಯೋಪಾಧ್ಯಾಯ. ನಿವೃತ್ತಿ ಸಮೀಪಿಸಿತು, ಮುಂದೇನೆಂಬ ಚಿಂತೆ ಕಾಡುತ್ತಿತ್ತು. ಆಗ ಬೇಸಿಗೆಯ ರಜೆಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋದವನು ಬೆಸೆದ ಗಾಜಿನ ಕಲೆಯನ್ನು ಮೊದಲ ಬಾರಿಗೆ ಕಂಡೆ.

ಬಣ್ಣಬಣ್ಣದ ಗಾಜಿನ ತುಣುಕುಗಳನ್ನು ಚಿತ್ತಾರವಾಗಿ ಜೋಡಿಸಿ ವಿದ್ಯುತ್ ಕುಲುಮೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ, ಅವು ಮೆತ್ತಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮನ್ನರು ಇದೇ ಬಗೆಯಲ್ಲಿ ಬಟ್ಟಲುಗಳನ್ನು ಮಾಡುತ್ತಿದ್ದರು. ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವ ಗಾಜುಗಳನ್ನಷ್ಟೇ ಕೂಡಿಸಬೇಕು. ಇಲ್ಲವಾದರೆ ಬಿರುಕು ತಪ್ಪದು. ಇಷ್ಟನ್ನು ಕಲಿತು ಊರಿಗೆ ಮರಳಿ, ಉಳಿತಾಯದ ಹಣದಿಂದ ಚಿಕ್ಕದೊಂದು ಕುಲುಮೆ ತರಿಸಿದೆ. "ಈ ವಯಸ್ಸಿನಾಗ ಬೆಂಕಿ ಕೂಡ ಆಟ ಏನ್ರಿ?" ಎಂದು ಮನೆಯಾಕೆ ಮುನಿದಳು.

ವಿದ್ಯುತ್ ಜೋಡಿಸಲು ಬಂದವನನ್ನು ಕಂಡು ನನಗೆ ಮುಖವೆತ್ತಲಾಗಲಿಲ್ಲ. ಮಗ್ಗಿ ಬಾರದೆಂದು ನಾನು "ದಡ್ಡ" ಎಂದು ಎಲ್ಲರೆದುರು ಹಳಿದ ಮೇಲೆ ಶಾಲೆ ಬಿಟ್ಟಿದ್ದ ಹುಡುಗನಾತ. "ನಮಸ್ಕಾರ್ರಿ ಸರ್" ಎಂದು ಕೈಮುಗಿದು ಅಚ್ಚುಕಟ್ಟಾಗಿ ಕೆಲಸ ಮುಗಿಸಿದ.

ನವಬ್ರಹ್ಮ ದೇವಾಲಯಗಳ ಜಾಲಂಧ್ರವನ್ನು ನೆನೆದು ಮೊದಲ ಫಲಕವನ್ನು ಜೋಡಿಸಿದೆ. ಆದರೆ ಬೆಳಗಾಗುವವರೆಗೆ ಕಾಯುವ ತಾಳ್ಮೆ ಇಲ್ಲವಾಗಿ ನಡುರಾತ್ರಿಯೇ ಕುಲುಮೆಯ ಬಾಗಿಲು ತೆರೆದೆ. ಠಣ್ಣೆಂದು ಫಲಕ ಎರಡಾಯಿತು.

ಮರುದಿನ ಅದನ್ನು ಕಂಡ ಆತ ಮೆಲ್ಲನೆ, "ಕಾಯಾಕ ಇಷ್ಟು ಹೊತ್ತು ಬೇಕಂದ್ರ, ಆರಾಕೂ ಬೇಕಲ್ರಿ ಸರ್?" ಎಂದ. ಸತ್ಯವದೇ. ಸುಮಾರು 550 ಡಿಗ್ರಿಯ ಬಳಿ ಗಾಜನ್ನು ಕೆಲಕಾಲ ತಡೆದು ನಿಧಾನವಾಗಿ ಆರಿಸಬೇಕು. ಹೊರಮೈ ಬೇಗ ತಣಿದು ಒಳಗು ಬಿಸಿಯಾಗಿದ್ದರೆ ಎಳೆತ ಹುಟ್ಟಿ ಒಡೆಯುತ್ತದೆ. ಪ್ರತಿ ಮಗುವಿನ ಕಲಿಕೆಯ ವೇಗ ಬೇರೆಯೆಂದು ಶಿಕ್ಷಕ ತರಬೇತಿಯ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ತರಗತಿಯಲ್ಲಿ ಮಾತ್ರ ಅದನ್ನು ಮರೆತಿದ್ದೆ.

"ಅಂದು ತಪ್ಪು ನನ್ನದಪ್ಪಾ" ಎಂದೆ. ಆತ ತಲೆ ತಗ್ಗಿಸಿ, "ಬಿಡ್ರಿ ಸರ್, ನನ್ನ ಮಗಳು ಈಗ ನಿಮ್ಮ ಸಾಲಿಗೇ ಬರ್ತಾಳ" ಎಂದ.

ಈಗ ನನ್ನ ಫಲಕಗಳಿಗೆ ಒಬ್ಬಿಬ್ಬರು ಬೆಲೆ ಕೊಡತೊಡಗಿದ್ದಾರೆ; ನಿವೃತ್ತಿಯ ಭಯ ತಗ್ಗಿದೆ. ಆ ಮಗುವಿಗೂ ಏಳರ ಮಗ್ಗಿ ತೊಡಕು. ದಿನವೂ ಶಾಲೆ ಬಿಟ್ಟ ಮೇಲೆ ಅವಳ ಪಕ್ಕದಲ್ಲಿ ಕುಳಿತು, ಅವಳು ಹೇಳಿ ಮುಗಿಸುವವರೆಗೆ ಕಾಯುತ್ತೇನೆ.