ಕಳೆದುಹೋದ ಮುದ್ರೆ

ಮುದ್ರಾರಾಕ್ಷಸ ನಾಟಕದ ಕಥೆಯು ವಾಚಕರಿಗೆ ತಿಳಿದುದೇ ಆಗಿದೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಆತನ ಮಡದಿಯ ಬೆರಳಿನಿಂದ ಜಾರಿ ಚಾಣಕ್ಯನ ಗೂಢಚಾರನ ಕೈಸೇರಿತು. ರಾಕ್ಷಸನು ಬರೆಯಿಸದ ಪತ್ರಕ್ಕೆ ರಾಕ್ಷಸನ ಮುದ್ರೆ ಬಿದ್ದಿತು. ಮಲಯಕೇತುವು ಮುದ್ರೆಯನ್ನು ನಂಬಿದನು, ಮನುಷ್ಯನನ್ನು ನಂಬಲಿಲ್ಲ. ಕೆಂಪುನಾರಾಯಣನು 1823ರಲ್ಲಿ ಈ ಕಥೆಯನ್ನು ಮುದ್ರಾಮಂಜೂಷವೆಂದು ಕನ್ನಡ ಗದ್ಯದಲ್ಲಿ ಹೇಳಿದನು.

ಅದಾಗಿ ಏಳು ವರ್ಷಗಳಿಗೆ, 1830ರಲ್ಲಿ, ಶಿವಮೊಗ್ಗದ ಸೀಮೆಯಲ್ಲಿಯೇ ಇಂತಹುದೊಂದು ಪ್ರಸಂಗವು ನಡೆಯಿತು. ಸಾದರ ಮಲ್ಲನೆಂಬಾತನು ಬೂದಿಬಸವಪ್ಪನೆಂಬ ಹೆಸರಿನಿಂದ ತಾನೇ ನಗರದ ಅರಸುಮನೆತನದ ವಾರಸುದಾರನೆಂದು ಹೇಳಿಕೊಂಡನು. ಆ ಮನೆತನದ ಹಳೆಯ ಮುದ್ರೆಗಳು ಒಬ್ಬ ಜಂಗಮನ ಬಳಿಯಿಂದ ಇವನಿಗೆ ದೊರೆತುವೆಂದು ಹೇಳುವುದುಂಟು. ನಗರವು ಹೈದರನ ವಶವಾದುದು 1763ರಲ್ಲಿ. ರಾಜ್ಯವು ಅಳಿದು ಅರುವತ್ತೇಳು ವರ್ಷಗಳಾಗಿದ್ದರೂ ಮುದ್ರೆಯ ಮಹಿಮೆ ಅಳಿದಿರಲಿಲ್ಲ. ರೈತರು ದಂಗೆಯೆದ್ದುದು ಕಂದಾಯದ ಪೀಡೆಯಿಂದಲೇ ಹೊರತು ಮುದ್ರೆಯ ಮೋಹದಿಂದಲ್ಲ, ನಿಜ. ಆದರೆ ಅವರ ಸಂಕಟಕ್ಕೆ ಮುಂದಾಳಾಗಿ ನಿಲ್ಲಲು ಆತನಿಗೆ ಬೇರೊಬ್ಬರ ಹೆಸರೇ ಬೇಕಾಯಿತು. ಮರುವರ್ಷ ಮೈಸೂರಿನ ಆಡಳಿತವೇ ಇಂಗ್ಲಿಷರ ಕೈಗೆ ಹೋಯಿತು.

ಈಗ ಮುದ್ರೆಯು ಅರಸರ ಬಳಿ ಮಾತ್ರ ಇರುವುದಿಲ್ಲ. ಹೊಳೆಹೊನ್ನೂರಿನಿಂದ ಭದ್ರಾವತಿಗೋ ಶಿವಮೊಗ್ಗಕ್ಕೋ ಹೋಗುವ ಬಸ್ಸಿನಲ್ಲಿ ನಿಂತಿರುವ ಗೃಹಸ್ಥನ ಪಾಕೀಟಿನಲ್ಲಿ ಆಧಾರಿನ ಪ್ರತಿ, ಪ್ಯಾನ್ ಚೀಟಿ, ಬ್ಯಾಂಕಿನ ಕಾರ್ಡು ಒಂದರ ಮೇಲೊಂದು ಕುಳಿತಿರುತ್ತವೆ. ಮರೆತುಹೋದೀತೆಂಬ ಭಯದಿಂದ ಕಾರ್ಡಿನ ಗುಪ್ತಸಂಖ್ಯೆಯನ್ನು ಬರೆದಿಟ್ಟ ತುಂಡುಕಾಗದವೂ ಒಮ್ಮೊಮ್ಮೆ ಜೊತೆಗಿರುತ್ತದೆ. ಸತ್ಯಧರ್ಮತೀರ್ಥರ ಆರಾಧನೆಯ ಜನಸಂದಣಿಯಲ್ಲಿ ಪಾಕೀಟು ಕಳೆದವನು ಮೊದಲು ಮರುಗುವುದು ಅದರಲ್ಲಿದ್ದ ಮುನ್ನೂರು ರೂಪಾಯಿಗೆ. ಆ ಹಣವು ಹೋದದ್ದು ಹೋಯಿತು. ಹೋಗಬೇಕಾದುದು ಇನ್ನೂ ಉಳಿದಿದೆಯೆಂಬುದು ಅವನಿಗೆ ತಡವಾಗಿ ಹೊಳೆಯುತ್ತದೆ.

ಪಾಕೀಟನ್ನು ಹುಡುಕುವುದಕ್ಕಿಂತ ಮುಂಚೆ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ನಿಲ್ಲಿಸಬೇಕು. ಸಿಕ್ಕರೂ ಸಿಕ್ಕೀತೆಂದು ಸಂಜೆಯವರೆಗೆ ಕಾಯುವ ಸಜ್ಜನಿಕೆಯು ಇಲ್ಲಿ ಸಲ್ಲದು. ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೊರಡಿಸಿದ ಸೂಚನೆಯಲ್ಲಿ, ಗ್ರಾಹಕನ ಅಜಾಗ್ರತೆಯಿಂದಾದ ನಷ್ಟವು ಆತನು ವರದಿ ಮಾಡುವವರೆಗೆ ಆತನದು, ವರದಿಯ ಬಳಿಕ ಆಗುವ ನಷ್ಟವು ಬ್ಯಾಂಕಿನದು ಎಂದು ಗೆರೆಯೆಳೆಯಲಾಯಿತು. ಆದುದರಿಂದ ಆ ಗಳಿಗೆಯನ್ನೂ ದೂರಿನ ಸಂಖ್ಯೆಯನ್ನೂ ಬರೆದಿಡಬೇಕು. ಹಣವು ಆಗಲೇ ಖಾತೆಯಿಂದ ಜಾರಿದ್ದರೆ 1930ಕ್ಕೆ ಕರೆ ಮಾಡಬೇಕು. ಪೊಲೀಸು ಠಾಣೆಯಲ್ಲಿ ಕೊಟ್ಟ ಅರ್ಜಿಯಿಂದ ಪಾಕೀಟು ಮರಳಿ ಬಾರದಿರಬಹುದು; ಆದರೆ ಇಂತಹ ದಿನದಿಂದ ಈ ಕಾಗದಗಳು ನನ್ನ ಕೈಯಲ್ಲಿರಲಿಲ್ಲವೆಂದು ಮುಂದೊಮ್ಮೆ ತೋರಿಸಲು ಮನೆಯಾತನಿಗೆ ಅದೊಂದೇ ಸಾಕ್ಷಿ.

ಕಾರ್ಡನ್ನು ರದ್ದುಮಾಡಿ ಹೊಸದನ್ನು ಪಡೆಯಬಹುದು. ಆಧಾರಿನ ಹನ್ನೆರಡು ಅಂಕಿಗಳಾದರೋ ಹೆಬ್ಬೆರಳ ಗೆರೆಗಳಂತೆ ಜೀವಾವಧಿ ಅವೇ. ಅದಕ್ಕೆ ಬೀಗವೊಂದೇ ಉಪಾಯ: ಬೆರಳಚ್ಚು ಮತ್ತು ಕಣ್ಣಿನ ಗುರುತುಗಳನ್ನು ಪ್ರಾಧಿಕಾರದ ಜಾಲತಾಣದಲ್ಲಿ ಬಂಧಿಸಿಟ್ಟು, ಬೇಕಾದಾಗ ತೆರೆದುಕೊಳ್ಳಬಹುದು. ಸಹಾಯಕ್ಕೆ 1947 ಎಂಬ ಸಂಖ್ಯೆಯಿದೆ. ಸ್ವಾತಂತ್ರ್ಯದ ವರ್ಷವಾದುದರಿಂದ ಮರೆಯುವಂತಿಲ್ಲ. ಪ್ರತಿಯನ್ನು ಕೊಡಲೇಬೇಕಾದೆಡೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮುಸುಕಿನ ಆಧಾರನ್ನು ಕೊಡುವುದು, ಅದರ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿತೆಂದು ಅಡ್ಡಲಾಗಿ ಬರೆಯುವುದು ಲೇಸು.

ಪಾಕೀಟು ಸಿಕ್ಕಿದೆಯೆಂದು ಕರೆ ಮಾಡಿ, ಫೋನಿಗೆ ಬಂದ ಅಂಕಿಗಳನ್ನು ಹೇಳಿರೆಂದು ಬೇಡುವ ಪರೋಪಕಾರಿಗಳೂ ಉಂಟು. ಪಾಕೀಟನ್ನು ಹಿಂದಿರುಗಿಸಲು ಆ ಅಂಕಿಗಳ ಅವಶ್ಯಕತೆಯೇ ಇಲ್ಲ.

ಇಷ್ಟಾದ ಮೇಲೆ ಮನೆಯವರು ಮರೆತುಬಿಡುತ್ತಾರೆ, ಕಳ್ಳನು ಮರೆಯುವುದಿಲ್ಲ. ಪ್ಯಾನಿನ ಹತ್ತು ಅಕ್ಷರಾಂಕಿಗಳ ಬಲದಿಂದ ಯಾವುದೋ ಊರಿನಲ್ಲಿ ಸಾಲವು ಹುಟ್ಟಿ, ವಸೂಲಿಯವರು ಬಾಗಿಲಿಗೆ ಬರುವ ತನಕ ಸುದ್ದಿಯೇ ಇಲ್ಲದಿರಬಹುದು. ಸಾಲಗಳ ಲೆಕ್ಕವಿಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತರಿಸದೆ ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ಕಾವಲಿದ್ದಂತಾಗುತ್ತದೆ. ತನ್ನ ಹೆಸರಿನಲ್ಲಿ ಎಷ್ಟು ಮೊಬೈಲು ಸಂಪರ್ಕಗಳಿವೆಯೆಂಬುದನ್ನು ಸಂಚಾರ ಸಾಥಿಯೆಂಬ ಸರಕಾರೀ ತಾಣದಲ್ಲಿ ನೋಡಬಹುದು. ತನ್ನದಲ್ಲದ ಸಂಖ್ಯೆಯು ಕಂಡರೆ ಅಲ್ಲಿಯೇ ಹೇಳಿ ತೆಗೆಸಬಹುದು.